ಬೆಂಕಿ ಬೀಳುವ ಮುನ್ನವೇ ಕಲಿಸಬೇಕಾದ ಪಾಠ



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ಮಿಂಚಂಚೆ ಬಂದಿತು. ಹತ್ತನೆಯ ತರಗತಿಯಲ್ಲಿ ಎರಡನೆಯ ಬೆಂಚಿನಲ್ಲಿ ಕುಳಿತು, ಕದನಗಳ ಕಾರಣಗಳನ್ನೆಲ್ಲ ಸರಿಯಾಗಿ ಹೇಳಿ ಇಸವಿಗಳನ್ನು ಮಾತ್ರ ತಪ್ಪದೆ ತಪ್ಪು ಹೇಳುತ್ತಿದ್ದ ಹುಡುಗಿ ಆಕೆ. ಈಗ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ದಕ್ಷಿಣ ಭಾಗದಲ್ಲಿ ನೆಲೆಸಿದ್ದಾಳೆ. ಆಕೆಯ ಮಗಳು ಅಲ್ಲಿ ಕುದುರೆ ಸವಾರಿ ಕಲಿಯುತ್ತಿದ್ದಾಳಂತೆ. ಪತ್ರದ ಸಾರಾಂಶ ಹೀಗಿತ್ತು: "ಸಾರ್, ಬರುವ ಭಾನುವಾರ ಲಾಯದಲ್ಲಿ ಒಂದು ಅಭ್ಯಾಸವಂತೆ. ಕಾಡುಗಿಚ್ಚು ಬಂದರೆ, ಭೂಕಂಪವಾದರೆ ಕುದುರೆಗಳನ್ನು ಹೊರಗೆ ಸಾಗಿಸುವುದು ಹೇಗೆ ಎಂದು ತೋರಿಸುತ್ತಾರಂತೆ. ಮಕ್ಕಳ ತಂದೆ ತಾಯಂದಿರೂ ಬರಬೇಕಂತೆ. ಬಾಗಿಲು ತೆಗೆದರೆ ಕುದುರೆ ತಾನಾಗಿಯೇ ಓಡಿಹೋಗುವುದಿಲ್ಲವೇ? ಓಡುವುದನ್ನು ಕುದುರೆಗೂ ಹೇಳಿಕೊಡಬೇಕೇ? ಇದಕ್ಕೆ ಚರಿತ್ರೆಯಲ್ಲಿ ಏನಾದರೂ ಉತ್ತರ ಇದೆಯೇ?"

ಪ್ರಶ್ನೆ ಚೆನ್ನಾಗಿದೆ. ಆಕೆಗೆ ಎರಡು ಸಾಲಿನಲ್ಲಿ ಉತ್ತರಿಸಿ ಸುಮ್ಮನಾಗಬಹುದಾಗಿತ್ತು. ಆದರೆ ಬರೆಯಲು ಕುಳಿತಾಗ ನೆನಪುಗಳು ಒಂದರ ಹಿಂದೊಂದು ಬಂದವು. ಓದಿದ ಸಂಗತಿಗಳೂ ಜೊತೆಗೂಡಿದವು. ಆದ್ದರಿಂದ ಎಲ್ಲರಿಗೂ ಸೇರುವಂತೆ ಇಲ್ಲಿಯೇ ಬರೆಯುತ್ತಿದ್ದೇನೆ.

ಮೊದಲಿಗೆ ಕುದುರೆಯದಲ್ಲದ ಒಂದು ನೆನಪು.

ನಾನು ಹುಟ್ಟಿ ಬೆಳೆದದ್ದು ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಊರು ಕುಣಿಗಲ್. ಸಂತೆಗೆ ಹೋದಾಗ ಬೇಲಿಯಾಚೆ ಮೇಯುತ್ತಿದ್ದ ಎತ್ತರದ ಕುದುರೆಗಳನ್ನು ನಾವು ಬಾಯಿ ಬಿಟ್ಟು ನೋಡುತ್ತಿದ್ದೆವು. ಆದರೆ ನಮ್ಮ ಮನೆಯಲ್ಲಿ ಇದ್ದದ್ದು ಒಂದು ಜೊತೆ ಎತ್ತು, ಒಂದು ಕರೆಯುವ ಎಮ್ಮೆ. ನನಗೆ ಹತ್ತು ವರ್ಷವಿದ್ದಾಗ, ಒಂದು ಬೇಸಿಗೆಯ ಮಧ್ಯಾಹ್ನ, ಹಿತ್ತಲಿನ ರಾಗಿ ಹುಲ್ಲಿನ ಮೆದೆಗೆ ಬೆಂಕಿ ಬಿದ್ದಿತು. ಗಾಳಿಗೆ ಕಿಡಿ ಹಾರಿ ಕೊಟ್ಟಿಗೆಯ ಸೋಗೆಯ ಸೂರು ಹತ್ತಿಕೊಂಡಿತು. ತಾತ ಒಳಗೆ ನುಗ್ಗಿ, ಕಣ್ಣಿಯ ಗಂಟು ಬಿಚ್ಚುತ್ತಾ ಕೂರಲು ವೇಳೆಯಿಲ್ಲದೆ, ಕುಡುಗೋಲಿನಿಂದ ಮೂರು ಹಗ್ಗಗಳನ್ನೂ ಕೊಯ್ದರು. ಪ್ರತಿದಿನ ಮುಂಜಾನೆ ಅದೇ ಬಾಗಿಲಿನಿಂದ ಹೊಲಕ್ಕೆ ಹೋಗುತ್ತಿದ್ದ ಎತ್ತುಗಳು ನೇರವಾಗಿ ಹೊರಗೆ ಬಂದು, ಹೊಲದ ದಾರಿ ಹಿಡಿದು ಹೊರಟೇಹೋದವು. ಎಮ್ಮೆಯನ್ನು ನಾವು ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸುತ್ತಿದ್ದೆವು. ಅದೂ ಹೊರಗೆ ಬಂದಿತು. ಅಂಗಳದಲ್ಲಿ ನಿಂತು ಸುತ್ತಲಿನ ಕೂಗಾಟ, ಹೊಗೆ, ಜನರನ್ನು ನೋಡಿತು. ಬಳಿಕ ತಿರುಗಿ, ಓಡದೆ, ಸಂಜೆ ಗೋದಲಿಗೆ ಹೋಗುವ ಹಾಗೆಯೇ ನಡೆದು ಉರಿಯುವ ಸೂರಿನ ಕೆಳಗೆ ಹೋಗಿ ನಿಂತಿತು. ಮತ್ತೆ ಅದನ್ನು ಹೊರಗೆ ತರಲು ಯಾರಿಂದಲೂ ಆಗಲಿಲ್ಲ.

ಅಂದು ರಾತ್ರಿ ಜಗಲಿಯ ಮೇಲೆ ಕುಳಿತ ತಾತ ಹೇಳಿದ್ದು ಒಂದೇ ಮಾತು: "ಬಾಗ್ಲು ಮುಚ್ಚೋಕೆ ಒಬ್ಬನ್ನ ನಿಲ್ಲಿಸ್ಬೇಕಿತ್ತು ಕಣೋ ಮಗ." ಅವರು ಯಾರನ್ನೂ ದೂಷಿಸಿ ಹೇಳಿದ್ದಲ್ಲ. ಆದರೆ ಆ ಬಾಗಿಲಿಗೆ ಎಲ್ಲರಿಗಿಂತ ಹತ್ತಿರ ನಿಂತಿದ್ದವನು ನಾನು. ಎಮ್ಮೆ ನನ್ನ ಮೈ ಸವರಿಕೊಂಡೇ ಒಳಗೆ ಹೋಗಿತ್ತು.

ಕುದುರೆಯ ವಿಷಯದಲ್ಲಿಯೂ ನಡೆಯುವುದು ಇದೇ. ಅದು ಬೇಟೆಗೆ ಗುರಿಯಾಗುವ ಪ್ರಾಣಿ. ಕೊಂಬಿಲ್ಲ, ಕೋರೆಯಿಲ್ಲ. ಬಯಲಿನಲ್ಲಿ ಹಿಂಡಿನೊಡನೆ ಓಡುವುದೇ ಅದರ ರಕ್ಷಣೆ. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಹಿಂದೆ ಮುಂದೆ ಸ್ವಲ್ಪ ಭಾಗ ಬಿಟ್ಟರೆ ಸುತ್ತಲೂ ಅದಕ್ಕೆ ಕಾಣುತ್ತದೆ. ಬಯಲಿನಲ್ಲಿ ಬೆಂಕಿ ಕಂಡರೆ ಅದು ಓಡಿಯೇ ಓಡುತ್ತದೆ. ಆದರೆ ಮನುಷ್ಯ ಅದನ್ನು ಲಾಯಕ್ಕೆ ತಂದು ಕಟ್ಟಿದ. ಅಲ್ಲಿ ಹುಲ್ಲು, ಹುರುಳಿ, ನೀರು ದೊರೆಯಿತು. ಮಳೆ ಗಾಳಿಯ ಕಾಟ ತಪ್ಪಿತು. ವರ್ಷಗಟ್ಟಲೆ ಹೀಗೆ ಬಾಳಿದ ಕುದುರೆಗೆ ಲಾಯವೇ ಅಭಯದ ಸ್ಥಾನ. ಭಯವಾದಾಗ ಅದು ಅಭಯದ ಕಡೆಗೆ ಹೋಗುತ್ತದೆ. ಲಾಯಕ್ಕೇ ಬೆಂಕಿ ಬಿದ್ದಾಗ ಈ ಬುದ್ಧಿಯೇ ಅದಕ್ಕೆ ಮೃತ್ಯುವಾಗುತ್ತದೆ. ಹೊರಗೆ ಎಳೆದರೆ ಕಾಲೂರಿ ನಿಲ್ಲುತ್ತದೆ, ಹೊರಗೆ ಬಿಟ್ಟರೆ ಮರಳಿ ಒಳಗೆ ಓಡುತ್ತದೆ.

ಇದನ್ನು ಹಿಂದಿನವರು ಅರಿತಿದ್ದರೇ? ಅರಿತಿದ್ದರು. ನಮ್ಮ ಪಂಚತಂತ್ರದ ಐದನೆಯ ತಂತ್ರವಾದ ಅಪರೀಕ್ಷಿತಕಾರಕದಲ್ಲಿ ಚಂದ್ರನೆಂಬ ರಾಜನ ಅರಮನೆಯ ಕಥೆ ಬರುತ್ತದೆ. ಅಲ್ಲಿ ರಾಜಕುಮಾರರ ಆಟಕ್ಕೆಂದು ಕಪಿಗಳೂ ಇದ್ದವು, ಟಗರೂ ಇತ್ತು. ಟಗರು ಅಡುಗೆಮನೆಗೆ ನುಗ್ಗಿ ಕಂಡದ್ದನ್ನೆಲ್ಲ ತಿನ್ನುವುದು, ಬಾಣಸಿಗರು ಕೈಗೆ ಸಿಕ್ಕಿದ್ದರಿಂದ ಬಡಿಯುವುದು ನಿತ್ಯದ ನೋಟ. ಮುದಿ ಕಪಿಯೊಂದು ಇದನ್ನು ಕಂಡು ತನ್ನವರಿಗೆ ಎಚ್ಚರಿಕೆ ಹೇಳಿತು. ಒಂದು ದಿನ ಬಾಣಸಿಗ ಉರಿಯುವ ಕೊಳ್ಳಿಯಿಂದಲೇ ಹೊಡೆಯುವನು, ಟಗರಿನ ಉಣ್ಣೆ ಹತ್ತಿಕೊಳ್ಳುವುದು, ಅದು ಪಕ್ಕದ ಕುದುರೆ ಲಾಯಕ್ಕೆ ನುಗ್ಗುವುದು, ಹುಲ್ಲು ಉರಿದು ಕುದುರೆಗಳು ಬೇಯುವವು, ಸುಟ್ಟ ಗಾಯಕ್ಕೆ ಕಪಿಯ ಕೊಬ್ಬೇ ಮದ್ದೆಂದು ಅಶ್ವವೈದ್ಯರು ಹೇಳುವರು, ಆದ್ದರಿಂದ ಈಗಲೇ ಕಾಡಿಗೆ ಹೋಗೋಣ ಎಂದಿತು. ಎಳೆಯ ಕಪಿಗಳು ನಕ್ಕವು. ಮುದಿ ಕಪಿ ಒಂಟಿಯಾಗಿ ಹೊರಟುಹೋಯಿತು. ಮುಂದೆ ನಡೆದದ್ದು ಅದು ಹೇಳಿದಂತೆಯೇ. ಈ ಕಥೆಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಆದರೆ ಕಪಿಯ ಜಾಣ್ಮೆಯನ್ನಷ್ಟೇ ಕೊಂಡಾಡಿದ್ದೇನೆ. ಅಡುಗೆಮನೆಯ ಪಕ್ಕದಲ್ಲಿ ಲಾಯ, ಲಾಯದೊಳಗೆ ಒಣಹುಲ್ಲು, ನಡುವೆ ತಡೆಯಿಲ್ಲದ ದಾರಿ ಎಂಬ ಮೂರು ಸಂಗತಿಗಳನ್ನು ಕಥೆಗಾರ ಎಷ್ಟು ಸರಿಯಾಗಿ ಗುರುತಿಸಿದ್ದಾನೆ ಎಂಬುದು ಆಗ ನನ್ನ ಗಮನಕ್ಕೆ ಬಂದಿರಲಿಲ್ಲ.

ಗ್ರೀಸ್ ದೇಶದ ಝೆನೊಫನ್ ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಅಶ್ವಾರೋಹಣದ ಬಗ್ಗೆ ಒಂದು ಪುಟ್ಟ ಗ್ರಂಥ ಬರೆದ. ಒಡೆಯನ ಕಣ್ಣಿಗೆ ಆಗಾಗ ಬೀಳುವ ಕಡೆಯಲ್ಲಿ ಲಾಯವಿರಬೇಕು ಎನ್ನುತ್ತಾನೆ. ಮರಿಗುದುರೆಯನ್ನು ಜನಸಂದಣಿಯ ನಡುವೆ ನಡೆಸಿ ಬಗೆಬಗೆಯ ನೋಟ, ಸದ್ದುಗಳಿಗೆ ಒಗ್ಗಿಸಬೇಕು, ಅದು ಬೆದರಿದರೆ ಹೊಡೆಯದೆ, ಸಮಾಧಾನದಿಂದ, ಹೆದರುವಂಥದ್ದೇನೂ ಇಲ್ಲವೆಂದು ತಿಳಿಸಿಕೊಡಬೇಕು ಎನ್ನುತ್ತಾನೆ. ಕೋಪ ಬಂದಾಗ ಕುದುರೆಯ ಬಳಿಗೆ ಹೋಗಲೇಬಾರದು ಎಂಬುದು ಅವನ ಕಟ್ಟಪ್ಪಣೆ. ಬಿ.ಎಡ್. ತರಗತಿಯಲ್ಲಿ ನಮಗೆ ಬೋಧಿಸಿದ ಶಿಕ್ಷಣ ಮನೋವಿಜ್ಞಾನದಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇರಲಿಲ್ಲವೆಂದರೆ ಅತಿಶಯೋಕ್ತಿಯಲ್ಲ.

ನಿಮ್ಮಲ್ಲಿ ಕೆಲವರು ಆನಾ ಸೂವೆಲ್ ಬರೆದ 'ಬ್ಲ್ಯಾಕ್ ಬ್ಯೂಟಿ'ಯನ್ನು ಓದಿರಬಹುದು. ಕುದುರೆಯೇ ತನ್ನ ಆತ್ಮಕಥೆ ಹೇಳುವ ಇಂಗ್ಲಿಷ್ ಕಾದಂಬರಿ ಅದು, ಪ್ರಕಟವಾದದ್ದು 1877ರಲ್ಲಿ. ಅದರಲ್ಲಿ ಒಂದು ಛತ್ರದ ಲಾಯಕ್ಕೆ ರಾತ್ರಿ ಬೆಂಕಿ ಬೀಳುವ ಪ್ರಸಂಗವಿದೆ. ಮೊದಲು ಬಂದ ಲಾಯದ ಆಳು ಏದುಸಿರು ಬಿಡುತ್ತಾ, ಗಡಿಬಿಡಿಯಿಂದ ಕುದುರೆಗಳನ್ನು ಬಿಚ್ಚಿ ಎಳೆಯುತ್ತಾನೆ. ಅವನ ಗಾಬರಿಯೇ ಅವುಗಳನ್ನು ಇನ್ನಷ್ಟು ಹೆದರಿಸುತ್ತದೆ, ಒಂದೂ ಕದಲುವುದಿಲ್ಲ. ಬಳಿಕ ಬಂದ ಜೇಮ್ಸ್ ಎಂಬ ಹುಡುಗ ದಿನನಿತ್ಯದ ದನಿಯಲ್ಲಿಯೇ ಮಾತನಾಡಿಸುತ್ತಾ, ತನ್ನ ಕೊರಳ ವಸ್ತ್ರವನ್ನು ಬಿಚ್ಚಿ ಕುದುರೆಯ ಕಣ್ಣಿಗೆ ಕಟ್ಟಿ, ಮೈದಡವಿ ಹೊರಗೆ ನಡೆಸುತ್ತಾನೆ. ಹೊರಬಂದ ಕುದುರೆ ಗಟ್ಟಿಯಾಗಿ ಕೆನೆಯುತ್ತದೆ. ಒಳಗಿದ್ದ ಜೊತೆಗಾತಿಗೆ ಆ ಕೆನೆತ ಕೇಳಿಸಿದ್ದರಿಂದಲೇ ಹೊರಬರುವ ಧೈರ್ಯ ಹುಟ್ಟಿತಂತೆ. ಕಾದಂಬರಿಯ ಪ್ರಸಂಗವಾದರೂ ಇಲ್ಲಿರುವುದೆಲ್ಲ ಕುದುರೆ ಸಾಕಿದವರ ಅನುಭವದ ಮಾತು. ಪರಿಚಿತ ದನಿ, ಶಾಂತವಾದ ಕೈ, ಹೊರಗೆ ಕಾಯುತ್ತಿರುವ ತನ್ನ ಜೊತೆಯವರು ಇವು ಕುದುರೆಯನ್ನು ಹೊರಗೆ ತರುತ್ತವೆ. ಬಲದಿಂದ ಎಳೆದರೆ ಅದು ಬರುವುದಿಲ್ಲ.

ಬೆಂಕಿಯಿಂದ ದೂರ ಓಡುವ ಈ ಪ್ರಾಣಿಯನ್ನು ಬೆಂಕಿಯ ಕಡೆಗೇ ಓಡಿಸಿದ ಒಂದು ಕಾಲವೂ ಇತ್ತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ನಗರಗಳ ಅಗ್ನಿಶಾಮಕ ಠಾಣೆಗಳಿಗೆ ಉಗಿಯಿಂದ ನೀರು ಚಿಮ್ಮಿಸುವ ಯಂತ್ರಗಳು ಬಂದವು. ಅವು ಬಹಳ ಭಾರ. ಎಳೆಯಲು ಕುದುರೆಗಳೇ ಬೇಕಾದವು. ಕುದುರೆಗಳ ಲಾಯ ಯಂತ್ರದ ಹಿಂದೆಯೇ, ಅದೇ ಕಟ್ಟಡದಲ್ಲಿ ಇರುತ್ತಿತ್ತು. ಯಂತ್ರದ ನೊಗದ ಮೇಲೆ, ಸೂರಿನಿಂದ, ಸರಂಜಾಮು ತೂಗುಬಿಟ್ಟಿರುತ್ತಿತ್ತು. ಎಚ್ಚರಿಕೆಯ ಗಂಟೆ ಬಾರಿಸಿದೊಡನೆ ಲಾಯದ ಬಾಗಿಲು ತೆರೆದುಕೊಳ್ಳುವುದು. ಕುದುರೆಗಳು ಯಾರೂ ಎಳೆಯದೆ, ಯಾರೂ ಗದರದೆ, ತಮ್ಮ ತಮ್ಮ ಜಾಗಕ್ಕೆ ಬಂದು ಸರಂಜಾಮಿನ ಕೆಳಗೆ ನಿಲ್ಲುವುವು. ಹಗ್ಗ ಎಳೆದರೆ ಸರಂಜಾಮು ಬೆನ್ನ ಮೇಲೆ ಇಳಿಯುವುದು. ಕೊರಳಪಟ್ಟಿಯನ್ನು ಚಕ್ಕನೆ ಸಿಕ್ಕಿಸಿದರೆ ಗಾಡಿ ಹೊರಟಂತೆಯೇ. ಇದಕ್ಕೆಂದು ತಿಂಗಳುಗಟ್ಟಲೆ ತರಬೇತಿ ನಡೆಯುತ್ತಿತ್ತು. ಕೆಲಸದಿಂದ ನಿವೃತ್ತಿಯಾಗಿ ಹಾಲಿನ ಗಾಡಿ ಎಳೆಯುತ್ತಿದ್ದ ಕುದುರೆಯೊಂದು ದೂರದಲ್ಲಿ ಗಂಟೆ ಕೇಳಿದೊಡನೆ ಗಾಡಿ ಸಮೇತ ಬೆಂಕಿಯ ಕಡೆಗೆ ಓಡಿತೆಂಬಂಥ ಕಥೆಗಳು ಆ ನಗರಗಳಲ್ಲಿ ಬಹಳ ಪ್ರಚಲಿತ. ನಿವೃತ್ತನಾದ ಮೇಲೂ ಎಲ್ಲಿಯಾದರೂ ಶಾಲೆಯ ಗಂಟೆ ಕೇಳಿದರೆ ಅರಿಯದೆ ಎದ್ದು ನಿಲ್ಲುವ ನನಗೆ ಆ ಕುದುರೆಯ ಮೇಲೆ ವಿಶೇಷ ಅಕ್ಕರೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಈ ಕುದುರೆಗಳು ಬೇರೆ ಕುದುರೆಗಳಿಗಿಂತ ಧೈರ್ಯಶಾಲಿಗಳೇನೂ ಆಗಿರಲಿಲ್ಲ. ಗಂಟೆ ಬಾರಿಸಿದರೆ ಲಾಯ ಬಿಟ್ಟು ಹೊರಬರಬೇಕು, ಹಾಗೆ ಬಂದರೆ ಒಳ್ಳೆಯದೇ ಆಗುತ್ತದೆ ಎಂಬುದು ಅವುಗಳಿಗೆ ಮೈಗತವಾಗಿತ್ತು, ಅಷ್ಟೇ. ನಮ್ಮ ಎತ್ತುಗಳಿಗೆ ಹೊಲದ ದಾರಿ ಮೈಗತವಾಗಿದ್ದಂತೆ.

ನಗರಗಳು ಕುದುರೆಯನ್ನು ಎಷ್ಟು ನಚ್ಚಿಕೊಂಡಿದ್ದವು ಎಂಬುದು 1872ರಲ್ಲಿ ತಿಳಿಯಿತು. ಆ ವರ್ಷದ ಶರತ್ಕಾಲದಲ್ಲಿ ಕೆನಡಾದ ಟೊರಾಂಟೊ ಬಳಿ ಕುದುರೆಗಳಿಗೆ ಒಂದು ಬಗೆಯ ಶೀತಜ್ವರ ಕಾಣಿಸಿಕೊಂಡು, ಕೆಲವೇ ವಾರಗಳಲ್ಲಿ ಅಮೆರಿಕದ ಪೂರ್ವದ ನಗರಗಳಿಗೆಲ್ಲ ಹರಡಿತು. ಸತ್ತ ಕುದುರೆಗಳು ಕಡಿಮೆ; ನಿಲ್ಲಲಾರದೆ ಮಲಗಿದವು ಹೆಚ್ಚು. ಬಾಸ್ಟನ್ ನಗರದ ಅಗ್ನಿಶಾಮಕ ಕುದುರೆಗಳೂ ಮಲಗಿದವು. ನವೆಂಬರ್ 9ರ ಸಂಜೆ ಅಲ್ಲಿ ಮಹಾ ಅಗ್ನಿ ಎದ್ದಾಗ ಯಂತ್ರಗಳನ್ನು ಮನುಷ್ಯರೇ ಹಗ್ಗ ಹಿಡಿದು ಎಳೆದರು. ಸುಮಾರು 65 ಎಕರೆ ಪ್ರದೇಶದಲ್ಲಿ 776 ಕಟ್ಟಡಗಳು ನಾಶವಾದವು. ಕುದುರೆಗಳಿಲ್ಲದ್ದರಿಂದಲೇ ಊರು ಸುಟ್ಟಿತೆಂದು ಜನ ಮಾತಾಡಿಕೊಂಡರು. ಆದರೆ ಬಳಿಕ ವಿಚಾರಣೆ ನಡೆಸಿದ ಆಯೋಗ, ಅದರಿಂದಾದ ವಿಳಂಬ ಕೆಲವೇ ನಿಮಿಷಗಳದ್ದೆಂದು ಹೇಳಿತು. ಏಕೆಂದರೆ ನಗರದ ಅಗ್ನಿಶಾಮಕ ಮುಖ್ಯಸ್ಥ ಜಾನ್ ಡ್ಯಾಮ್ರೆಲ್ ಮುಂಗಂಡು ಯಂತ್ರ ಎಳೆಯಲು ಹೆಚ್ಚುವರಿ ಆಳುಗಳನ್ನು ಮೊದಲೇ ಗೊತ್ತುಮಾಡಿದ್ದರು. ಬೆಂಕಿ ಬೀಳುವ ಮುನ್ನ ಮಾಡಿದ ಸಿದ್ಧತೆಗೆ ಇದೊಂದು ಉದಾಹರಣೆ. ಇತಿಹಾಸ ಇಂಥವನ್ನು ದೊಡ್ಡಕ್ಷರದಲ್ಲಿ ಬರೆಯುವುದಿಲ್ಲ.

ಇನ್ನು ಭೂಕಂಪದ ಮಾತು. 1906ರ ಏಪ್ರಿಲ್ 18, ಬೆಳಗಿನ 5 ಗಂಟೆ 12 ನಿಮಿಷ. ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ನಗರ ನಡುಗಿತು. ಇಂದಿನ ಲೆಕ್ಕದಲ್ಲಿ ಅದರ ತೀವ್ರತೆ ಸುಮಾರು 7.9. ನೆಲದಡಿಯ ನೀರಿನ ಕೊಳವೆಗಳು ಒಡೆದವು. ಎದ್ದ ಬೆಂಕಿಗಳು ಮೂರು ದಿನಕ್ಕೂ ಮೀರಿ ಉರಿದವು. ಸುಮಾರು 28,000 ಕಟ್ಟಡಗಳು ನಾಶವಾದವು. ಸತ್ತವರು ಸುಮಾರು 3,000 ಮಂದಿ ಎಂಬುದು ಇಂದಿನ ಅಂದಾಜು. ಅಗ್ನಿಶಾಮಕ ದಳದ ಮುಖ್ಯಸ್ಥ ಡೆನಿಸ್ ಸಲಿವನ್ ಆ ಕಂಪನದಲ್ಲಿಯೇ ಗಾಯಗೊಂಡು ನಾಲ್ಕು ದಿನಗಳ ಬಳಿಕ ತೀರಿಕೊಂಡರು. ಗಂಟೆಗೆ ಅಷ್ಟು ಚೆನ್ನಾಗಿ ಪಳಗಿದ್ದ ಠಾಣೆಯ ಕುದುರೆಗಳಲ್ಲಿ ಕೆಲವು ಅಂದು ಬೆದರಿ ಠಾಣೆಯಿಂದ ಓಡಿಹೋದವು. ಅಂಥ ಕಡೆ ಸಿಬ್ಬಂದಿ ಯಂತ್ರವನ್ನು ಕೈಯಿಂದ ಎಳೆಯಬೇಕಾಯಿತು. ಗಂಟೆಯ ಪಾಠ ಅವುಗಳಿಗೆ ಗೊತ್ತಿತ್ತು, ನೆಲ ನಡುಗುವ ಪಾಠವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಬೀದಿಯಲ್ಲಿ ಗಾಡಿಗೆ ಕಟ್ಟಿದ್ದ ಕುದುರೆಗಳ ಮೇಲೆ ಇಟ್ಟಿಗೆಯ ಗೋಡೆಗಳು ಉರುಳಿದವು. ಸತ್ತ ಕುದುರೆಗಳ ಛಾಯಾಚಿತ್ರಗಳು ಇಂದಿಗೂ ಉಳಿದಿವೆ. ಬದುಕಿದ ಕುದುರೆಗಳು ಯಂತ್ರಗಳನ್ನೂ, ಮನೆ ಕಳೆದುಕೊಂಡವರ ಗಂಟುಮೂಟೆಗಳನ್ನೂ ಹೊತ್ತ ಗಾಡಿಗಳನ್ನು ಹಗಲಿರುಳು ಎಳೆದವು. ಅದೇ ದಿನಗಳಲ್ಲಿ ಅಧಿಕಾರಿಗಳು ವಶಪಡಿಸಿಕೊಂಡು ಓಡಿಸಿದ ಮೋಟಾರು ಕಾರುಗಳು ತಮ್ಮ ಯೋಗ್ಯತೆಯನ್ನು ತೋರಿದವು. ಮುಂದಿನ ಎರಡು ದಶಕಗಳಲ್ಲಿ ಅಗ್ನಿಶಾಮಕ ಠಾಣೆಗಳಿಂದ ಕುದುರೆ ಮರೆಯಾಯಿತು. ನ್ಯೂಯಾರ್ಕ್ ನಗರದಲ್ಲಿ ಕುದುರೆ ಎಳೆದ ಯಂತ್ರ ಕೊನೆಯ ಸಲ ಓಡಿದ್ದು 1922ರ ಡಿಸೆಂಬರ್ 20ರಂದು.

ಕುದುರೆ ಊರಿನ ಕೆಲಸದಿಂದ ಬಿಡುಗಡೆ ಹೊಂದಿದರೂ ಊರ ಅಂಚಿನಲ್ಲಿ ಉಳಿಯಿತು. ಸವಾರಿಗೆ, ಪಂದ್ಯಕ್ಕೆ, ಅಕ್ಕರೆಗೆ ಎಂದು ಕ್ಯಾಲಿಫೋರ್ನಿಯಾದ ಗುಡ್ಡಗಾಡುಗಳಲ್ಲಿ ಅದನ್ನು ಸಾಕುವವರು ಬಹಳ. ಒಣಪೊದೆಗಳ ಆ ಗುಡ್ಡಗಳ ಮೇಲೆ ಶರತ್ಕಾಲ, ಚಳಿಗಾಲಗಳಲ್ಲಿ ಮರುಭೂಮಿಯ ಕಡೆಯಿಂದ ಸಾಂಟಾ ಅನಾ ಎಂಬ ಬಿಸಿಗಾಳಿ ಬೀಸುತ್ತದೆ. ಆಗ ಒಂದು ಕಿಡಿ ಸಾಕು. 2007ರ ಅಕ್ಟೋಬರಿನ ಕಾಡುಗಿಚ್ಚುಗಳಲ್ಲಿ ಸ್ಯಾನ್ ಡಿಯೇಗೊ ಬಳಿಯ ಡೆಲ್ ಮಾರ್ ಜಾತ್ರೆ ಮೈದಾನ ಸಾವಿರಾರು ಕುದುರೆಗಳಿಗೆ ಆಶ್ರಯವಾಯಿತು. 2018ರ ನವೆಂಬರಿನಲ್ಲಿ ಮ್ಯಾಲಿಬು ಪ್ರದೇಶ ಹೊತ್ತಿ ಉರಿದಾಗ ಬೇರೆಲ್ಲಿಗೂ ಹೋಗಲಾಗದವರು ಝೂಮಾ ಕಡಲತೀರಕ್ಕೆ ಬಂದು, ಜೀವರಕ್ಷಕರ ಅಟ್ಟಣಿಗೆಗಳಿಗೆ ಕುದುರೆಗಳನ್ನು ಕಟ್ಟಿ ನಿಂತರು. ಹಿಂದೆ ಹೊಗೆಯ ಬೆಟ್ಟ, ಮುಂದೆ ಸಮುದ್ರ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತ ಬೆಂಕಿ ಹಬ್ಬಿದಾಗ ಬರ್ಬ್ಯಾಂಕ್‌ನಲ್ಲಿರುವ ಅಶ್ವಕೇಂದ್ರ ನೂರಾರು ಪ್ರಾಣಿಗಳಿಗೆ ಬಾಗಿಲು ತೆರೆಯಿತು.

ಆದರೆ ನನ್ನ ಮನಸ್ಸನ್ನು ಕಲಕಿದ್ದು 2017ರ ಡಿಸೆಂಬರ್ 7ರ ಘಟನೆ. ಸ್ಯಾನ್ ಡಿಯೇಗೊ ಜಿಲ್ಲೆಯ ಬೊನ್ಸಾಲ್ ಎಂಬಲ್ಲಿ ಸ್ಯಾನ್ ಲೂಯಿಸ್ ರೇ ಡೌನ್ಸ್ ಎಂಬ ಪಂದ್ಯದ ಕುದುರೆಗಳ ತರಬೇತಿ ಕೇಂದ್ರವಿದೆ. ಅಂದು ಅಲ್ಲಿ ಸುಮಾರು 500 ಕುದುರೆಗಳಿದ್ದವು. ಲೈಲಾಕ್ ಎಂದು ಹೆಸರಿಟ್ಟ ಕಾಡುಗಿಚ್ಚು ಗಾಳಿಯೊಂದಿಗೆ ಬಂದು ಲಾಯಗಳ ಮೇಲೆ ಕಿಡಿ ಸುರಿಯಿತು. ಲಾರಿಗಳನ್ನು ತರಿಸಲು ಹೊತ್ತಿರಲಿಲ್ಲ. ತರಬೇತುದಾರರು, ಲಾಯದ ಆಳುಗಳು, ಸವಾರರು ಕೈಗೆ ಸಿಕ್ಕ ಬಾಗಿಲುಗಳನ್ನೆಲ್ಲ ತೆರೆದು ಕುದುರೆಗಳನ್ನು ಹೊರಗೆ ಅಟ್ಟಿದರು. ನೂರಾರು ಕುದುರೆಗಳು ಹೊಗೆಯೊಳಗೆ ಹಿಂಡಾಗಿ ಓಡಿ ಬದುಕಿಕೊಂಡವು. ಹೊರಗೆ ಬಂದವುಗಳಲ್ಲಿ ಕೆಲವು ತಿರುಗಿ ಉರಿಯುವ ಲಾಯಗಳೊಳಕ್ಕೇ ಓಡಿದವು. ಒಟ್ಟು 46 ಕುದುರೆಗಳು ಸತ್ತವು. ಬಿಡಿಸಲು ಹೋದವರಿಗೂ ತೀವ್ರವಾದ ಸುಟ್ಟಗಾಯಗಳಾದವು. ಇದನ್ನು ಓದಿದ ದಿನ ಅರ್ಧ ಶತಮಾನದ ಹಿಂದೆ ನನ್ನ ಮೈ ಸವರಿಕೊಂಡು ಹೋದ ಎಮ್ಮೆ ಮತ್ತೆ ಕಣ್ಣೆದುರು ನಿಂತಿತು. ಅವರು ಮಾಡಬಹುದಾದದ್ದನ್ನೆಲ್ಲ ಮಾಡಿದರು ಎಂಬುದರಲ್ಲಿ ಸಂದೇಹವಿಲ್ಲ. ಅಷ್ಟು ಮಾಡಿಯೂ ಅಂಥ ಹೊತ್ತಿನಲ್ಲಿ ಆಗುವುದು ಅಷ್ಟೇ.

ಹಾಗಾದರೆ ಏನು ಮಾಡಬೇಕು? ಆ ನಾಡಿನ ಪಶುವೈದ್ಯರೂ ಅನುಭವಿಗಳೂ ಹೇಳುವುದನ್ನು ಸಂಗ್ರಹಿಸಿ ಕೊಡುತ್ತೇನೆ.

ಮೊದಲನೆಯದು ವಾಹನದ ಪಾಠ. ಕುದುರೆಯನ್ನು ಸಾಗಿಸುವ ಟ್ರೈಲರ್ ಎಂದರೆ ಅದಕ್ಕೆ ಕತ್ತಲೆಯ ಗುಹೆ. ಬೆಂಕಿಯ ದಿನ ಮೊದಲ ಸಲ ಅದರೊಳಗೆ ಹತ್ತೆಂದರೆ ಹತ್ತದು. ಆದ್ದರಿಂದ ನೆಮ್ಮದಿಯ ದಿನಗಳಲ್ಲಿ, ಒಳಗೆ ಮೇವಿಟ್ಟು, ಹತ್ತಿಸಿ ಇಳಿಸಿ ರೂಢಿಮಾಡಬೇಕು. ಹಗಲಿನಲ್ಲಿ ಮಾತ್ರವಲ್ಲ, ರಾತ್ರಿಯೂ. ಯಜಮಾನ ಮಾತ್ರವಲ್ಲ, ನೆರೆಯವರ ಕೈಯಿಂದಲೂ. ಬೆಂಕಿ ಬಂದಾಗ ಮನೆಯಲ್ಲಿ ಯಾರಿರುತ್ತಾರೋ ಯಾರು ಬಲ್ಲರು?

ಎರಡನೆಯದು ಹಾಲ್ಟರ್. ಕಡಿವಾಣವಿಲ್ಲದ ಮುಖಪಟ್ಟಿಗೆ ಅಲ್ಲಿ ಹಾಗೆನ್ನುತ್ತಾರೆ. ಅದೂ, ಹಿಡಿಯುವ ಹಗ್ಗವೂ ಪ್ರತಿ ಕುದುರೆಯ ಬಾಗಿಲ ಬಳಿಯೇ, ಕತ್ತಲಲ್ಲಿ ತಡವಿದರೂ ಸಿಗುವಂತೆ, ತೂಗುತ್ತಿರಬೇಕು. ಅದು ಚರ್ಮದ್ದೋ ಹತ್ತಿಯದ್ದೋ ಆಗಿರಬೇಕು. ನೈಲಾನ್ ಆದರೆ ಬಿಸಿಗೆ ಕರಗಿ ಮುಖಕ್ಕೇ ಅಂಟಿಕೊಳ್ಳುತ್ತದೆ. ನೈಲಾನಿನ ಹೊದಿಕೆ, ನೊಣದ ಮುಸುಕುಗಳನ್ನೂ ತೆಗೆದುಬಿಡಬೇಕು.

ಮೂರನೆಯದು ಗುರುತು. ಗಲಿಬಿಲಿಯಲ್ಲಿ ನೂರಾರು ಕುದುರೆಗಳು ಒಂದೆಡೆ ಸೇರಿದಾಗ ಯಾರದು ಯಾವುದೆಂದು ತಿಳಿಯುವುದಿಲ್ಲ. ಚರ್ಮದಡಿಯಲ್ಲಿ ಮೈಕ್ರೋಚಿಪ್ ಇಡಿಸುತ್ತಾರೆ. ಯಜಮಾನನೂ ಕುದುರೆಯೂ ಜೊತೆಗಿರುವ ಛಾಯಾಚಿತ್ರ ಇಟ್ಟುಕೊಳ್ಳುತ್ತಾರೆ. ಹೊತ್ತಿಲ್ಲದಿದ್ದರೆ ಫೋನ್ ಸಂಖ್ಯೆಯನ್ನು ಅಳಿಸದ ಶಾಯಿಯಿಂದ ಗೊರಸಿನ ಮೇಲೆಯೇ ಬರೆಯುತ್ತಾರೆ.

ನಾಲ್ಕನೆಯದು ಹೊರಡುವ ಹೊತ್ತು. ಕಡ್ಡಾಯದ ಆಜ್ಞೆ ಬರಲೆಂದು ಕಾಯದೆ, ಮುನ್ಸೂಚನೆ ಬಂದೊಡನೆ ಹೊರಡಬೇಕು. ಹತ್ತು ಕುದುರೆಗಳಿದ್ದು ಎರಡನ್ನು ಒಯ್ಯುವ ಗಾಡಿಯಿದ್ದರೆ ಐದು ಸಲ ಓಡಾಡಬೇಕು. ಅಷ್ಟರಲ್ಲಿ ರಸ್ತೆ ಮುಚ್ಚಿರುತ್ತದೆ. ಯಾವ ನೆರೆಯವನ ಗಾಡಿಯಲ್ಲಿ ಯಾವ ಕುದುರೆ, ಯಾವ ದಾರಿ, ಆ ದಾರಿ ಕಟ್ಟಿದರೆ ಮತ್ತಾವುದು ಎಂಬುದು ಮೊದಲೇ ತೀರ್ಮಾನವಾಗಿರಬೇಕು.

ಐದನೆಯದೇ ನಮ್ಮ ತಾತನ ಮಾತು. ಕುದುರೆಯನ್ನು ಹೊರಗೆ ತಂದೊಡನೆ ಲಾಯದ ಬಾಗಿಲು ಮುಚ್ಚಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂದು ನಾವು ನಗುತ್ತೇವೆ. ಇಲ್ಲಿ ಮಾತ್ರ ಎಲ್ಲವೂ ಹೊರಗೆ ಹೋದ ಮೇಲೆ ಬಾಗಿಲು ಹಾಕುವವನೇ ಜಾಣ. ಸಾಗಿಸಲು ಸಾಧ್ಯವೇ ಇಲ್ಲದಿದ್ದರೆ ಲಾಯದೊಳಗೆ ಬಿಡದೆ, ಒಣಹುಲ್ಲಿಲ್ಲದ ವಿಶಾಲ ಬಯಲಿಗೆ ಬಿಟ್ಟು, ನೀರಿಟ್ಟು ಹೊರಡಬೇಕು. ಹೊಗೆ ಕುಡಿದ ಕುದುರೆಯನ್ನು ಕೂಡಲೇ ದುಡಿಸಬಾರದು. ನಾಲ್ಕರಿಂದ ಆರು ವಾರ ವಿಶ್ರಾಂತಿ ಬೇಕೆನ್ನುತ್ತಾರೆ.

ಭೂಕಂಪದ ಸಿದ್ಧತೆ ಸ್ವಲ್ಪ ಬೇರೆ. ಬೆಂಕಿಗಾದರೆ ಕೆಲವು ತಾಸುಗಳ ಮುನ್ಸೂಚನೆ ಇರಬಹುದು. ಭೂಕಂಪದಲ್ಲಿ ವೇಗವಾಗಿ ಬರುವ ಮೊದಲ ಸಣ್ಣ ಅಲೆಯನ್ನು ಪ್ರಾಣಿಗಳು ನಮಗಿಂತ ಮೊದಲೇ ಗ್ರಹಿಸಬಹುದು, ಆದರೆ ಅದಕ್ಕೂ ದೊಡ್ಡ ಅಲೆಗೂ ನಡುವಿನ ಅಂತರ ಸೆಕೆಂಡುಗಳದ್ದು. ಆಗ ಯಾರನ್ನೂ ಎಲ್ಲಿಗೂ ಸಾಗಿಸಲಾಗದು. ಆದ್ದರಿಂದ ಲಾಯದ ಕಟ್ಟಡವನ್ನೇ ಭದ್ರಪಡಿಸಬೇಕು, ಕುದುರೆಯ ತಲೆಯ ಮೇಲೆ ಹುಲ್ಲಿನ ಹೊರೆಗಳನ್ನು ಪೇರಿಸಬಾರದು. ನಡುಕ ನಿಂತ ಮೇಲೆ, ಮತ್ತೆ ನಡುಗುವ ಮೊದಲು, ಬಯಲಿಗೆ ಕರೆತರಬೇಕು. ಅದಕ್ಕೂ ಮುನ್ನ ಬೇಲಿ ಮುರಿದಿದೆಯೇ, ವಿದ್ಯುತ್ ತಂತಿ ಬಿದ್ದಿದೆಯೇ ಎಂದು ನೋಡಬೇಕು. ಕುದುರೆಗೆ ದಿನಕ್ಕೆ 20ರಿಂದ 40 ಲೀಟರ್ ನೀರು ಬೇಕು. ಕೊಳವೆ ಒಡೆದರೆ ಎಲ್ಲಿಂದ ತರುವುದು? ಕನಿಷ್ಠ ಮೂರು ದಿನಕ್ಕೆ ಸಾಕಾಗುವಷ್ಟು ನೀರು, ಮೇವು ಸಂಗ್ರಹದಲ್ಲಿರಬೇಕು.

ಸರ್ಕಾರ ನೋಡಿಕೊಳ್ಳುವುದಿಲ್ಲವೇ ಎಂದು ಕೇಳಬಹುದು. 2005ರ ಕತ್ರಿನಾ ಚಂಡಮಾರುತದಲ್ಲಿ ಸಾಕುಪ್ರಾಣಿಗಳನ್ನು ಬಿಟ್ಟುಬರಲೊಲ್ಲದೆ ಜನ ಮನೆಗಳಲ್ಲೇ ಉಳಿದ ಅನುಭವದಿಂದ ಅಮೆರಿಕ 2006ರಲ್ಲಿ ಒಂದು ಕಾನೂನು ಮಾಡಿತು. ತೆರವು ಯೋಜನೆಗಳಲ್ಲಿ ಸಾಕುಪ್ರಾಣಿಗಳನ್ನೂ ಸೇರಿಸಬೇಕೆಂಬುದು ಅದರ ತಿರುಳು. ಆದರೆ ಅದನ್ನು ಜಾರಿಗೆ ತರುವ ಕೇಂದ್ರ ಸಂಸ್ಥೆ ಮನೆಯ ಸಾಕುಪ್ರಾಣಿ ಎಂಬ ಪದಕ್ಕೆ ಕೊಟ್ಟ ವ್ಯಾಖ್ಯೆಯಲ್ಲಿ ನಾಯಿ, ಬೆಕ್ಕು, ಹಕ್ಕಿಗಳಿದ್ದವು, ಕುದುರೆ ಇರಲಿಲ್ಲ. ಹಾಗಾಗಿ ಕುದುರೆಯ ಭಾರ ಬಹುಮಟ್ಟಿಗೆ ಸ್ಥಳೀಯ ಆಡಳಿತ, ಸ್ವಯಂಸೇವಕರು ಮತ್ತು ನೆರೆಹೊರೆಯವರ ಮೇಲೆಯೇ ಬೀಳುತ್ತದೆ. ಭಾನುವಾರ ಅಪ್ಪ ಅಮ್ಮಂದಿರನ್ನೂ ಕರೆದದ್ದು ಇದಕ್ಕಾಗಿಯೇ.

ಕೊನೆಯದಾಗಿ, ಹೇಳದೆ ಬಿಡಬಾರದ ಒಂದು ಮಾತಿದೆ. ಇದು ಮುಖ್ಯವಾಗಿ ನನ್ನ ಶಿಷ್ಯರಿಗೆ.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ಅದಾದ ಮೇಲೆ ನಾನಿದ್ದ ಶಾಲೆಯಲ್ಲಿಯೂ ಅಣಕು ಅಭ್ಯಾಸ ಮಾಡಬೇಕೆಂದಾಯಿತು. ಒಂದು ಶನಿವಾರ ಗಂಟೆ ಬಾರಿಸಿದೆವು. ನೀವೆಲ್ಲ ನಗುತ್ತಾ, ಒಬ್ಬರನ್ನೊಬ್ಬರು ತಳ್ಳುತ್ತಾ, ಒಂದೇ ಮೆಟ್ಟಿಲಿನಿಂದ ಇಳಿದು ಮೈದಾನಕ್ಕೆ ಬಂದಿರಿ. ಪಾಠಗಳು ಹಿಂದೆ ಬಿದ್ದಿದ್ದವು, ಪರೀಕ್ಷೆ ಹತ್ತಿರವಿತ್ತು. ಮರುವರ್ಷದಿಂದ ಗಂಟೆ ಬಾರಿಸಲಿಲ್ಲ. ಅಭ್ಯಾಸ ನಡೆಯಿತೆಂದು ಪುಸ್ತಕದಲ್ಲಿ ಬರೆದು ಸಹಿ ಮಾಡಿದೆವು. ಆ ಸಹಿಗಳಲ್ಲಿ ಒಂದು ನನ್ನದು. ದೇವರ ದಯೆಯಿಂದ ಏನೂ ಆಗಲಿಲ್ಲ. ಆದರೆ ಏನೂ ಆಗಲಿಲ್ಲವೆಂಬುದು ನನ್ನ ಹೆಚ್ಚುಗಾರಿಕೆಯಲ್ಲ. ಬಾಗಿಲ ಬಳಿ ನಿಂತ ಹತ್ತು ವರ್ಷದ ಹುಡುಗನಿಗೆ ತಿಳಿವಳಿಕೆ ಇರಲಿಲ್ಲ ಎನ್ನಬಹುದು. ನಲವತ್ತು ದಾಟಿದ ಮೇಷ್ಟ್ರಿಗೆ ಹಾಗೆನ್ನಲು ಬರುವುದಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂಬ ಗಾದೆಯನ್ನು ನಿಮ್ಮಿಂದ ವಿಸ್ತರಿಸಿ ಬರೆಯಿಸಿ ಅಂಕ ಕೊಟ್ಟವನು ನಾನೇ ಅಲ್ಲವೇ?

ಆದ್ದರಿಂದ, ಮಗಳೇ, ನಿನ್ನ ಪ್ರಶ್ನೆಗೆ ಉತ್ತರ ಇಷ್ಟು: ಓಡುವುದನ್ನು ಕುದುರೆಗೆ ಕಲಿಸಬೇಕಾಗಿಲ್ಲ, ಯಾವ ಕಡೆಗೆ ಎಂಬುದನ್ನು ಕಲಿಸಬೇಕು. ಅದನ್ನು ಬೆಂಕಿಯ ದಿನ ಕಲಿಸಲು ಬರುವುದಿಲ್ಲ. ಭಾನುವಾರ ತಪ್ಪದೆ ಹೋಗು. ಹಗ್ಗವನ್ನು ನಿನ್ನ ಮಗಳ ಕೈಗೇ ಕೊಡು. ಕುದುರೆ ಅವಳ ದನಿಯನ್ನು ಬಲ್ಲದು. ನೀನು ಬಾಗಿಲ ಬಳಿ ನಿಂತಿರು. ಕುದುರೆ ಹೊರಗೆ ಬಂದೊಡನೆ ಬಾಗಿಲು ಮುಚ್ಚು. ಹೇಗಾಯಿತೆಂದು ನನಗೆ ಬರೆದು ತಿಳಿಸು.

ಎಲ್ಲರಿಗೂ ಒಳ್ಳೆಯದಾಗಲಿ.